ಮುಯ್ಯಾಳಿಗೆ ಬಂದ ಹುಡುಗಿ

ನನ್ನ ಮೊಮ್ಮಗಳು ಎಂಎಸ್‌ಡಬ್ಲ್ಯು ಓದುತ್ತೇನೆ ಎಂದು ಹಟ ಹಿಡಿದಾಗ, ಅದು ಎಂಥ ಓದು ಎಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಸಮಾಜಸೇವೆಯ ಓದು ಎಂದಳು. ಸಮಾಜಸೇವೆ ಮಾಡಲು ಎರಡು ವರ್ಷ ಕಾಲೇಜಿಗೆ ಯಾಕೆ ಹೋಗಬೇಕು, ಬೀದಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಗಂಜಿ ಕಾಯಿಸಿ ಕೊಟ್ಟು ಬಾ, ಮುಗಿಯಿತು ಎಂದೆ. "ನಿಂಗೆ ಗೊತ್ತಾಗಲ್ಲ, ಸುಮ್ನಿರಜ್ಜಿ" ಎಂದಳು. ಸುಮ್ಮನಿದ್ದೆ. ಅವಳಪ್ಪ, ಅಂದರೆ ನನ್ನ ಮಗ, ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವನು. ಅವನಿಗೆ ನಿದ್ದೆಗೆ ಹೊತ್ತು ಸಿಕ್ಕಿದರೆ ಸಾಕು. ಓದಲಿ ಬಿಡು ಎಂದ. ಸೊಸೆ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಅವಳೂ ಓದಲಿ ಎಂದಳು. ಹೀಗೆ ತೂಬಗೆರೆಯ ಕಡೆಯ ನಮ್ಮ ಹಳ್ಳಿಯಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋಗತೊಡಗಿದಳು.

ಹೋಗಿ ನೋಡಿದರೆ ಕೂತು ಓದುವುದಕ್ಕಿಂತ ತಿರುಗುವುದೇ ಹೆಚ್ಚು. ವಾರದಲ್ಲಿ ಎರಡು ದಿನ ಪಾಠ ಇಲ್ಲ, ಹಳ್ಳಿ ಸುತ್ತಬೇಕು. ಅದಕ್ಕೆ ಫೀಲ್ಡ್ ವರ್ಕ್ ಎಂದು ಹೆಸರು. ಸುತ್ತಿ ಬಂದದ್ದನ್ನೆಲ್ಲ ಬರೆದು ಮೇಷ್ಟ್ರಿಗೆ ತೋರಿಸಬೇಕು. ಹೆಂಗಸರನ್ನು ಗುಂಪಾಗಿ ಕೂರಿಸಿಕೊಂಡು ಮಾತಾಡಿಸಬೇಕು. ಯಾವುದೋ ಊರಿನ ಇಸ್ಕೂಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿ ಶಿಬಿರ ಮಾಡಬೇಕು. ಅದಕ್ಕೆ ಹೋಗಿ ಬಂದವಳು ಮೈಯೆಲ್ಲ ಸೊಳ್ಳೆ ಕಚ್ಚಿಸಿಕೊಂಡು ಬಂದಳು. ಕೊನೆಗೆ ಒಂದು ದಪ್ಪ ಪುಸ್ತಕ ತಾನೇ ಬರೆದು, ಹೊರಗಿನಿಂದ ಬಂದ ದೊಡ್ಡವರ ಎದುರು ಕೂತು ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕಂತೆ. ಇಷ್ಟರ ನಡುವೆ ಇನ್ನೊಂದಿದೆ. ಯಾರಾದರೂ ಒಬ್ಬರನ್ನು ಹಿಡಿದು, ನಿಮಗೇನು ತೊಂದರೆ ಎಂದು ಕೇಳಿ, ಅದಕ್ಕೊಂದು ದಾರಿ ಕಾಣುವ ತನಕ ಅವರ ಮನೆಗೆ ಹೋಗಿ ಬಂದು ಮಾಡುತ್ತಿದ್ದು, ಆಮೇಲೆ ಬಿಟ್ಟುಬಿಡಬೇಕು. ಅದು ಕೇಸ್ ವರ್ಕ್. ಬಿಟ್ಟುಬಿಡುವುದೂ ಓದಿನ ಒಂದು ಭಾಗವೇ, ಅದಿಲ್ಲದೆ ಪಾಸಾಗುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

"ಯಾರೂ ಸಿಕ್ತಿಲ್ಲ ಕಣಜ್ಜಿ" ಎಂದಳು ಒಂದು ಸಂಜೆ, ಕಾಲೇಜಿನ ಚೀಲ ಮೂಲೆಗೆ ಎಸೆದು.

"ನನ್ನೇ ಹಾಕ್ಕೋ. ಮನೇಲೇ ಇದೀನಿ, ಬಸ್ಸಿಗೂ ಕಾಯೋ ಹಂಗಿಲ್ಲ."

"ಸ್ವಂತದೋರ್ನ ತಗೋಬಾರ್ದು. ರೂಲ್ಸು."

"ಯಾಕಂತೆ?"

"ಸ್ವಂತದೋರ್ ಹತ್ರ ಯಾರೂ ನಿಜ ಹೇಳಲ್ವಂತೆ."

ಆ ಮೇಷ್ಟ್ರು ಯಾರೋ ಸಂಸಾರಸ್ಥರೇ ಇರಬೇಕು ಎಂದುಕೊಂಡೆ.

ಅವಳಿಗೊಬ್ಬಳು ಗೆಳತಿ ಇದ್ದಳು. ನೆಲಮಂಗಲದ ಕಡೆಯ ಹಳ್ಳಿಯವಳು, ದೊಡ್ಡಬಳ್ಳಾಪುರದಲ್ಲಿ ಹಾಸ್ಟೆಲ್ಲಿನಲ್ಲಿದ್ದಳು. ಅವಳಿಗೂ ಒಬ್ಬಳು ಅಜ್ಜಿ, ಅವಳಿಗೂ ಅದೇ ಪೇಚಾಟ. ನಾನೇ ಹೇಳಿದೆ: ನೀನು ಅವಳ ಅಜ್ಜಿಯನ್ನು ನೋಡು, ಅವಳು ಬಂದು ನನ್ನನ್ನು ನೋಡಲಿ. ಮುಯ್ಯಾಳು ಮಾಡಿಕೊಳ್ಳಿ.

ಈಗಿನ ಹುಡುಗರಿಗೆ ಮುಯ್ಯಾಳು ಗೊತ್ತಿಲ್ಲ. ನಮ್ಮ ಕಾಲದಲ್ಲಿ ರಾಗಿ ಹೊಲದ ಕಳೆಗೂ ಕೊಯ್ಲಿಗೂ ಕೂಲಿ ಕೊಟ್ಟು ಆಳು ಕರೆಯುತ್ತಿರಲಿಲ್ಲ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಬಂದವರಿಗೆ ಊಟ ಹಾಕಬೇಕು, ಅಷ್ಟೆ. ಮೊಮ್ಮಗಳು ನಕ್ಕಳು. ಆದರೆ ಮಾರನೆಯ ದಿನ ಹೋಗಿ ಮೇಷ್ಟ್ರನ್ನು ಕೇಳಿದಳು. ರಕ್ತಸಂಬಂಧ ಇಲ್ಲದಿದ್ದರೆ ಆಗಬಹುದು ಎಂದರಂತೆ.

ಗಣೇಶನ ಹಬ್ಬ ಕಳೆದ ಮೇಲೆ ಆ ಹುಡುಗಿ ಬಂದಳು. ಸಣ್ಣ ಆಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಚಪ್ಪಲಿಗೆ ಪಿನ್ನು ಚುಚ್ಚಿದ್ದಳು. ಬಂದವಳೇ ನಮಸ್ಕಾರ ಮಾಡಿ, ತಾನು ಯಾರು, ಯಾಕೆ ಬಂದೆ, ನಾನು ಹೇಳಿದ್ದನ್ನು ಬೇರೆ ಯಾರಿಗೂ ಹೇಳುವುದಿಲ್ಲ, ಮೇಷ್ಟ್ರಿಗೆ ಬರೆದು ಕೊಡುವಾಗಲೂ ಹೆಸರು ಬರೆಯುವುದಿಲ್ಲ ಎಂದೆಲ್ಲ ಬಾಯಿಪಾಠ ಒಪ್ಪಿಸಿದಂತೆ ಒಪ್ಪಿಸಿದಳು.

"ನಂಗೇನೂ ತೊಂದ್ರೆ ಇಲ್ಲ ಕಣಮ್ಮಣ್ಣಿ" ಎಂದೆ.

"ಸರಿ ಅಜ್ಜಿ" ಎಂದಳು. ಹಾಗೆಂದು ಎದ್ದು ಹೋಗಲಿಲ್ಲ, ಕೂತೇ ಇದ್ದಳು.

ನಾನು ಅಕ್ಕಿ ಆರಿಸುತ್ತಿದ್ದೆ. ಅವಳೂ ಮೊರದ ಇನ್ನೊಂದು ಕಡೆಯಿಂದ ಕಲ್ಲು ಹೆಕ್ಕತೊಡಗಿದಳು. ಊಟದ ಹೊತ್ತಾಯಿತು. ಮುದ್ದೆ ಇಟ್ಟೆ. ಬೇಡ ಅಜ್ಜಿ, ನಾವು ತಗೋಬಾರದು ಎಂದಳು. ನನಗೆ ಸಿಟ್ಟು ಬಂತು.

"ಮುಯ್ಯಾಳಿಗೆ ಬಂದೋರು ಉಣ್ದೆ ಹೋಗಂಗಿಲ್ಲ. ಉಣ್ಣಂಗಿದ್ರೆ ಬಾ, ಇಲ್ದಿದ್ರೆ ನಾಳಿಂದ ಬರ್ಬೇಡ."

ಆ ದಿನ ಉಣ್ಣದೆ ಹೋದಳು. ಹೋಗಿ ಮೇಷ್ಟ್ರನ್ನು ಕೇಳಿದ್ದಾಳೆ. ಮುಂದಿನ ವಾರ ಬಂದವಳು ಕಾಲು ತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕೂತಳು. "ಊಟ ಆಗ್ಬೋದಂತೆ ಅಜ್ಜಿ, ಬೇರೇನೂ ತಗೋಬಾರ್ದಂತೆ" ಎಂದಳು. ಮುದ್ದೆಯನ್ನು ಅಗಿಯದೆ ನುಂಗುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ನಮ್ಮ ಮೊಮ್ಮಗಳಿಗೆ ಇವತ್ತಿಗೂ ಬರುವುದಿಲ್ಲ, ಚಪಾತಿ ಕೇಳುತ್ತಾಳೆ.

ಹೀಗೆ ಕೆಲವು ವಾರ ನಡೆಯಿತು. ಅವಳು ಬರುವುದು, ಕೂರುವುದು, ನಾನು ಏನು ಮಾಡುತ್ತಿರುತ್ತೇನೋ ಅದಕ್ಕೆ ಕೈ ಹಾಕುವುದು. ತೊಂದರೆ ಏನು ಎಂದು ಮತ್ತೆ ಕೇಳಲೇ ಇಲ್ಲ. ನನ್ನ ಬಾಲ್ಯ ಕೇಳಿದಳು, ಮದುವೆ ಕೇಳಿದಳು, ಗಂಡ ಹೇಗಿದ್ದರು ಎಂದು ಕೇಳಿದಳು. ಕುಡೀತಿದ್ದ, ಆದರೆ ಹೊಡೀತಿರಲಿಲ್ಲ ಎಂದೆ. ತಲೆ ಆಡಿಸಿದಳು. ಅಯ್ಯೋ ಪಾಪ ಎನ್ನಲಿಲ್ಲ. ಅದು ನನಗೆ ಹಿಡಿಸಿತು. ನಮ್ಮ ಕಡೆ ಹೆಂಗಸರ ಹತ್ತಿರ ಒಂದು ಮಾತು ಹೇಳಿದರೆ ಅವರು ತಮ್ಮದು ಹತ್ತು ಹೇಳುತ್ತಾರೆ. ಇವಳು ಬರೀ ಕೇಳುತ್ತಿದ್ದಳು. ಹಿಂದಿನ ವಾರ ನಾನು ಅರ್ಧಕ್ಕೆ ಬಿಟ್ಟದ್ದನ್ನು ನೆನಪಿಟ್ಟುಕೊಂಡು ಬಂದು, ಆಮೇಲೆ ಆ ಎಮ್ಮೆ ಸಿಕ್ತಾ ಅಜ್ಜಿ ಎನ್ನುತ್ತಿದ್ದಳು. ನಾನು ಸೊಸೆಯಾಗಿ ಈ ಮನೆಗೆ ಬಂದಾಗಿನಿಂದ ನನ್ನ ಮಾತನ್ನು ಹಾಗೆ ಯಾರೂ ಕಾದು ಕೇಳಿರಲಿಲ್ಲ. ಅದು ಓದಿನ ಪಾಠವಂತೆ, ಆಮೇಲೆ ಮೊಮ್ಮಗಳು ಹೇಳಿದಳು. ಇರಬಹುದು. ಅಡುಗೆಯನ್ನೂ ಕಲಿತೇ ಮಾಡುತ್ತೇವೆ, ಹಾಗೆಂದು ಉಣ್ಣುವವರಿಗೆ ಹೊಟ್ಟೆ ತುಂಬುವುದಿಲ್ಲವೇ.

ಒಂದು ದಿನ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಾಗ ಕೇಳಿದಳು.

"ಅಜ್ಜಿ, ನಿಮ್ಗೆ ಎಲ್ಲಿಗಾದ್ರೂ ಹೋಗ್ಬೇಕು ಅನ್ಸುತ್ತಾ?"

"ಸೂಲಿಬೆಲೆಗೆ" ಎಂದುಬಿಟ್ಟೆ.

ಸೂಲಿಬೆಲೆಯ ಕಡೆ ನನ್ನ ಅಕ್ಕ ಇದ್ದಾಳೆ. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳೇ. ಮದುವೆಯಾಗಿ ಅವಳು ಆ ಕಡೆ ಹೋದಳು, ನಾನು ಈ ಕಡೆ ಬಂದೆ. ನನ್ನ ಗಂಡ ಇರುವ ತನಕ ಆಗೀಗ ಹೋಗಿ ಬರುತ್ತಿದ್ದೆ. ಅವನು ಹೋದ ಮೇಲೆ ಅದು ನಿಂತೇ ಹೋಯಿತು. ಮಗನನ್ನು ಕೇಳಿದರೆ ಮುಂದಿನ ವಾರ ಕರ್ಕೊಂಡೋಗ್ತೀನವ್ವ ಎನ್ನುತ್ತಾನೆ. ಸುಳ್ಳು ಹೇಳುವವನಲ್ಲ, ಆದರೆ ಆ ವಾರ ಬರುವಾಗ ಪಾಳಿ ಬದಲಾಗಿರುತ್ತದೆ. ಫೋನು ಇದೆಯಲ್ಲ ಎನ್ನುತ್ತಾರೆ. ಅಕ್ಕನಿಗೆ ಕಿವಿ ಮಂದ. ನಾನು ಹೇಳಿದ್ದನ್ನು ಅವಳ ಸೊಸೆ ಅವಳ ಕಿವಿಯಲ್ಲಿ ಕೂಗಿ ಹೇಳಬೇಕು, ಅವಳು ಹೇಳಿದ್ದನ್ನು ಸೊಸೆ ನನಗೆ ಹೇಳಬೇಕು. ನಡುವೆ ಸೊಸೆಯನ್ನು ಇಟ್ಟುಕೊಂಡು ಅಕ್ಕತಂಗಿಯರು ಏನು ಮಾತಾಡುತ್ತಾರೆ? ಊಟ ಆಯ್ತಾ, ಹಸು ಕರು ಹಾಕ್ತಾ, ಅಷ್ಟೆ.

ಇದನ್ನೆಲ್ಲ ಹೇಳಿದೆ. ಹುಡುಗಿ ಕೇಳಿದಳು.

"ಒಬ್ರೇ ಯಾಕೆ ಹೋಗಲ್ಲ ಅಜ್ಜಿ? ಈಗ ಹೆಂಗಸ್ರಿಗೆ ಬಸ್ಸು ಪುಕ್ಕಟೆ ಅಲ್ವಾ?"

"ಬಸ್ಸು ಪುಕ್ಕಟೆ ಆದ್ರೆ ದಾರಿ ತಾನಾಗೇ ಗೊತ್ತಾಗುತ್ತಾ?"

ನನಗೆ ಅಕ್ಷರ ಬರುತ್ತದೆ, ಇಲ್ಲವೆನ್ನುವುದಿಲ್ಲ. ಹಿಂದೆ ಊರಿನಲ್ಲಿ ದೊಡ್ಡವರಿಗೆ ಕಲಿಸುತ್ತಿದ್ದಾಗ ಕಲಿತದ್ದು. ಕೂಡಿಸಿ ಕೂಡಿಸಿ ಓದುತ್ತೇನೆ. ಆದರೆ ಬಸ್ಸಿನ ಬೋರ್ಡು ನಾನು ಕೂಡಿಸುವ ತನಕ ನಿಲ್ಲುವುದಿಲ್ಲ. ನಮ್ಮೂರಿನಿಂದ ದೊಡ್ಡಬಳ್ಳಾಪುರ, ಅಲ್ಲಿ ಇಳಿದು ದೇವನಹಳ್ಳಿ ಬಸ್ಸು, ಅಲ್ಲಿ ಇಳಿದು ಹೊಸಕೋಟೆ ಬಸ್ಸು ಹತ್ತಿ ನಡುವೆ ಸೂಲಿಬೆಲೆಯಲ್ಲಿ ಇಳಿಯಬೇಕು. ಗಂಡನ ಹಿಂದೆ, ಮಗನ ಹಿಂದೆ ಹತ್ತಿ ಇಳಿದವಳು ನಾನು. ಅವರ ಬೆನ್ನು ನೋಡಿಕೊಂಡು ಹೋಗಿದ್ದೇನೆಯೇ ಹೊರತು ದಾರಿ ನೋಡಿಕೊಂಡು ಹೋದವಳಲ್ಲ.

"ನೀನೇ ಒಂದ್ಸಲ ಕರ್ಕೊಂಡೋಗು" ಎಂದೆ.

"ಕರ್ಕೊಂಡೋಗ್ಬೋದು ಅಜ್ಜಿ. ಆಮೇಲೆ ನಾನು ಬರಲ್ವಲ್ಲ, ಆಗೇನ್ಮಾಡ್ತೀರ?"

"ಯಾಕೆ ಬರಲ್ಲ?"

"ಮುಗಿಯುತ್ತಲ್ಲ ಅಜ್ಜಿ. ನೀವು ಒಬ್ರೇ ಹೋಗ್ಬಂದ್ರೆ ಕೇಸು ಮುಗೀತು. ನಾನು ಕ್ಲೋಸ್ ಮಾಡ್ಬೇಕು."

ಅವಳು ಹೇಳಿದ ರೀತಿಯಲ್ಲಿ ಏನೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಬಾ ಎಂದ ಹಾಗೆ ಹೇಳಿದಳು. ನಾನು ಹುಣಸೆಹಣ್ಣು ಕುಟ್ಟುತ್ತಿದ್ದ ಕೈ ನಿಲ್ಲಿಸಿದೆ. ಮುಯ್ಯಾಳಿನಲ್ಲಿ ಮುಗಿಯುವುದು ಎಂದಿಲ್ಲ. ಲೆಕ್ಕ ಸರಿ ಮಾಡಿಕೊಳ್ಳುವುದು ಜಗಳ ಆದವರು ಮಾತ್ರ. ಮಿಕ್ಕವರು ಬೇಕೆಂದೇ ಒಂದಾಳು ಬಾಕಿ ಉಳಿಸಿಕೊಳ್ಳುತ್ತಿದ್ದೆವು. ನೀನು ಇನ್ನೊಂದು ದಿನ ಬರಬೇಕು ಎಂದು ಒಬ್ಬರು, ನಾನು ಇನ್ನೊಂದು ದಿನ ಹೋಗಬೇಕು ಎಂದು ಇನ್ನೊಬ್ಬರು. ಆ ಬಾಕಿಯ ಮೇಲೇ ಎರಡು ಮನೆಯ ನಡುವೆ ಹೋಗಿ ಬರುವುದು ಇರುತ್ತಿತ್ತು. ನಾನು ಆ ಲೆಕ್ಕದಲ್ಲೇ ಇವಳನ್ನು ಕರೆದಿದ್ದೆ. ಅವರ ಓದಿನಲ್ಲಿ ಅದು ತಿರುಗಾಮುರುಗ.

ಬಸ್ಸಿನ ಕಲಿಕೆ ಶುರುವಾಯಿತು. ಮೊದಲು ಇಬ್ಬರೂ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿಗೆ ಹೋಗಿ ಸುಮ್ಮನೆ ಕಲ್ಲುಬೆಂಚಿನ ಮೇಲೆ ಕೂತೆವು. ಯಾವ ಬಸ್ಸು ಎಲ್ಲಿ ಬಂದು ನಿಲ್ಲುತ್ತದೆ ನೋಡುವುದೇ ಆ ದಿನದ ಕೆಲಸ. ಬೋರ್ಡು ಪೂರ್ತಿ ಓದಬೇಡಿ, ಮೊದಲನೇ ಅಕ್ಷರ ಹಿಡಿಯಿರಿ, ಅನುಮಾನ ಬಂದರೆ ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿ ಎಂದಳು. ಕಂಡಕ್ಟರನ್ನು ಕೇಳಲು ನನಗೆ ಸಂಕೋಚ. ಅಡ್ಡಾಡುವ ಹುಡುಗರನ್ನು ಬೈಯಲು ಸಂಕೋಚವಿಲ್ಲ, ಬಸ್ಸು ಎಲ್ಲಿಗೆ ಎಂದು ಕೇಳಲು ಸಂಕೋಚ. ಯಾಕೋ ಗೊತ್ತಿಲ್ಲ. ಹಳ್ಳಿಗುಗ್ಗು ಎಂದುಕೊಂಡಾರು ಎಂದಿರಬೇಕು. ನಾನು ಹಳ್ಳಿಯವಳೇ.

ಆಮೇಲೆ ಜೊತೆಯಾಗಿ ದೇವನಹಳ್ಳಿಗೆ ಹೋಗಿ ಬಂದೆವು. ಅದರ ಮುಂದಿನ ವಾರ ಹೊಸ ಆಟ. ಅವಳು ನನ್ನನ್ನು ಬಲ್ಲವಳೇ ಅಲ್ಲ ಎಂಬಂತೆ ದೂರ ಇರುವುದು, ನಾನು ಒಬ್ಬಳೇ ಹತ್ತಿ ಇಳಿಯುವುದು.

ದೇವನಹಳ್ಳಿಯ ಬೋರ್ಡು ಓದಿದೆ. ಸರಿಯಾಗಿಯೇ ಓದಿದೆ. ಆದರೆ ಪಕ್ಕದಲ್ಲಿ ಅದೇ ಥರದ ಇನ್ನೊಂದು ಬಸ್ಸು ಬಂದು ನಿಂತಿತು, ಜನ ನೂಕಿದರು, ಅವರ ಜೊತೆ ನಾನೂ ಒಳಗಾದೆ. ಕಂಡಕ್ಟರು ಬಂದ.

"ಎಲ್ಲಿಗಜ್ಜಿ? ಆಧಾರ್ ತೋರ್ಸಿ."

"ದೇವನಳ್ಳಿಗಪ್ಪ."

"ಇದು ನೆಲಮಂಗಲಕ್ಕೋಗೋದು ಕಣಜ್ಜಿ. ದೇವನಳ್ಳಿ ಆ ಕಡೆ, ನೀನು ಈ ಕಡೆ ಹೊರ್ಟಿದೀಯ. ಮನೇಲಿ ಜಗಳ ಆಡ್ಕೊಂಡ್ ಬಂದ್ಯಾ?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ನಮ್ಮ ಹುಡುಗಿ ಕಿಟಕಿಯ ಆಚೆ ನೋಡಿಕೊಂಡು ಕೂತಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. ಮುಂದಿನ ಸ್ಟಾಪಿನಲ್ಲಿ ಇಳಿದೆ. ಅವಳೂ ಇಳಿದಳು.

"ಗೊತ್ತಿದ್ದೂ ಸುಮ್ನೆ ಕೂತಿದ್ಯಲ್ಲೇ ಕಳ್ಳಿ."

"ನೀವು ಕೇಳಿದ್ರೆ ಹೇಳ್ತಿದ್ದೆ ಅಜ್ಜಿ."

"ಕೂಗಿ ಕರೆದು ಹೇಳೋಕೆ ಬಾಯಿಗೇನು ಬಂದಿತ್ತು?"

"ನಾಳೆ ನಾನಿರಲ್ಲ. ಆಗ ಯಾರು ಕೂಗ್ತಾರೆ? ನೀವು ಇಳಿದ್ರಲ್ಲ, ಅದೇ ಸರಿ."

"ಇಳೀದೆ ಏನು, ನೆಲಮಂಗಲದಲ್ಲಿ ನಿಮ್ಮಜ್ಜಿ ಮನೇಗೆ ಹೋಗಿ ಕೂರ್ಲಾ?"

ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯದೆ ಮುಂದಿನ ಹಲ್ಲೆಲ್ಲ ಬಿಟ್ಟು ನಕ್ಕಳು. ಅದುವರೆಗೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ರಸ್ತೆ ದಾಟಿ ಆ ಕಡೆಯಿಂದ ಬಸ್ಸು ಹಿಡಿದೆವು. ಈ ಸಲ ಕಂಡಕ್ಟರನ್ನು ಕೇಳಿಯೇ ಹತ್ತಿದೆ.

ಸಂಕ್ರಾಂತಿಯ ಹೊತ್ತಿಗೆ ನಾನು ದೇವನಹಳ್ಳಿಗೆ ಒಬ್ಬಳೇ ಹೋಗಿ ಬರುತ್ತಿದ್ದೆ. ಮೂರನೆಯ ಬಸ್ಸು ಒಂದು ಹತ್ತಿದರೆ ಅಕ್ಕನ ಮನೆ. ಹತ್ತಲಿಲ್ಲ. ಹುಡುಗಿ ಕೇಳುತ್ತಿದ್ದಳು, ಯಾವಾಗ ಹೋಗೋಣ ಅಂತಿದೀರ ಅಜ್ಜಿ ಎಂದು. ಹಸು ಕರು ಹಾಕುವ ಹಾಗಿದೆ ಎಂದೆ. ಕರು ಹಾಕಿತು. ಗಿಣ್ಣು ಹಾಲು ಕಾಯಿಸಬೇಕು ಎಂದೆ. ಅದೂ ಮುಗಿಯಿತು. ಮಂಡಿನೋವು ಎಂದೆ. ಮಂಡಿನೋವು ನನಗೆ ಹತ್ತು ವರ್ಷದಿಂದ ಇದೆ.

ಅವಳು ಒಂದು ಸಲವೂ ಹೋಗಲೇಬೇಕು ಎನ್ನಲಿಲ್ಲ. "ತೀರ್ಮಾನ ನಿಮ್ದೇ ಅಜ್ಜಿ" ಎನ್ನುತ್ತಿದ್ದಳು. ಹೋಗು ಎಂದಿದ್ದರೆ ಹೋಗುವುದಿಲ್ಲ ಎಂದು ಜಗಳ ಮಾಡಬಹುದಿತ್ತು. ನನ್ನ ಮದುವೆಯನ್ನು ಅಪ್ಪ ತೀರ್ಮಾನ ಮಾಡಿದ. ಹೊಲ ಮಾರುವುದನ್ನು ಗಂಡ ತೀರ್ಮಾನ ಮಾಡಿದ. ಈ ಹುಡುಗಿ ಬಂದು ನನ್ನ ಕೈಗೆ ತೀರ್ಮಾನ ಕೊಟ್ಟು ಕೂತಳು. ಅದನ್ನು ಇಟ್ಟುಕೊಂಡು ಏನು ಮಾಡುವುದೆಂದು ನನಗೆ ತಿಳಿಯಲಿಲ್ಲ. ಸುಮ್ಮನೆ ಇಟ್ಟುಕೊಂಡೆ. ಇಟ್ಟುಕೊಂಡಷ್ಟು ದಿನ ಅವಳು ಬರುತ್ತಾಳೆ.

ಮೊಮ್ಮಗಳು ಒಂದು ದಿನ ಎದುರಿಗೆ ಬಂದು ನಿಂತಳು. ಅವಳ ಮುಯ್ಯಿ ಆಗಲೇ ಮುಗಿದಿತ್ತು. ನೆಲಮಂಗಲದ ಕಡೆಯ ಆ ಅಜ್ಜಿ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವುದಿಲ್ಲ ಎನ್ನುತ್ತಿದ್ದಳಂತೆ, ಈಗ ನುಂಗುತ್ತಾಳಂತೆ.

"ಅಜ್ಜಿ, ನೀನ್ಯಾಕೆ ಸೂಲಿಬೆಲೆಗೆ ಹೋಗ್ತಿಲ್ಲ?"

"ಮಂಡಿ."

"ಮಂಡಿ ದೇವನಳ್ಳಿವರ್ಗೂ ಚೆನ್ನಾಗಿರುತ್ತೆ, ಆಚೆಗೋದ್ರೆ ನೋಯುತ್ತಾ? ನಂಗೆ ಗೊತ್ತು ಬಿಡು. ಅವ್ಳು ಬರ್ತಿರ್ಲಿ ಅಂತ ತಾನೆ?"

ಹೌದು ಎಂದೆ. ಸುಳ್ಳು ಹೇಳಿ ಏನಾಗಬೇಕು.

"ಶಿವರಾತ್ರಿ ಕಳೆದ್ಮೇಲೆ ಮೇಷ್ಟ್ರು ಬರ್ತಾರೆ. ಅಷ್ಟ್ರಲ್ಲಿ ಅವ್ಳ ಕೇಸು ಕ್ಲೋಸ್ ಆಗಿರ್ಬೇಕು. ಇಲ್ದಿದ್ರೆ ಫೀಲ್ಡ್ ವರ್ಕ್ ಪಾಸಾಗಲ್ಲ. ಅದು ಪಾಸಾಗ್ದಿದ್ರೆ ಉಳಿದಿದ್ದೆಲ್ಲ ಪಾಸಾದ್ರೂ ಡಿಗ್ರಿ ಇಲ್ಲ. ಇನ್ನೊಂದ್ವರ್ಷ ಕೂರ್ಬೇಕು. ಅವ್ರ ಮನೇಲಿ ಇನ್ನೊಂದ್ವರ್ಷ ಓದ್ಸಲ್ಲ ಅಜ್ಜಿ, ಮದ್ವೆ ಮಾಡ್ಬಿಡ್ತಾರೆ."

"ಅವ್ಳು ನಂಗೆ ಹೇಳ್ಲೇ ಇಲ್ಲ."

"ಹೇಳಂಗಿಲ್ಲ. ತನಗೋಸ್ಕರ ಮಾಡಿ ಅಂತ ಕೇಳಂಗಿಲ್ಲ."

ಈ ಓದು ಎಂಥ ಓದು ಎಂದು ಅವತ್ತು ಸ್ವಲ್ಪ ತಿಳಿಯಿತು. ಎದುರಿಗೆ ಕೂತು ನಾನು ಇಟ್ಟ ಮುದ್ದೆ ಉಂಡು, ನನ್ನ ಮಂಡಿನೋವು ಕೇಳಿ, ಸರಿ ಅಜ್ಜಿ ಎಂದು ಹೋಗುತ್ತಿದ್ದಳಲ್ಲ. ಒಳಗೆ ತನ್ನ ಓದು ಮುಳುಗುತ್ತಿದೆ ಎಂದು ಗೊತ್ತಿದ್ದೂ.

ಮಾರನೆಯ ದಿನ ಸೊಸೆಗೆ ಹೇಳಿ ಹೊರಟೆ. ಹುಡುಗಿಗೆ ಹೇಳಲಿಲ್ಲ. ಅವರೆಕಾಯಿ ಮುಗಿಯುವ ಕಾಲ, ಕೊನೆಯ ಕಾಯಿ ಒಂದಷ್ಟು ಸೆರಗಿಗೆ ಕಿತ್ತುಕೊಂಡು ಚೀಲಕ್ಕೆ ಹಾಕಿಕೊಂಡೆ. ದೊಡ್ಡಬಳ್ಳಾಪುರದಲ್ಲಿ ಇಳಿದೆ, ಹತ್ತಿದೆ. ದೇವನಹಳ್ಳಿಯಲ್ಲಿ ಇಳಿದೆ. ಹೊಸಕೋಟೆ ಬಸ್ಸು ಬಂದಾಗ ಕಂಡಕ್ಟರನ್ನು ಕೇಳಿದೆ. "ಇದು ಸೂಲಿಬೆಲೆಗೆ ಹೋಗುತ್ತಾ?" "ಹೋಗುತ್ತೆ ಹತ್ತಮ್ಮ" ಎಂದ. ಅಷ್ಟೆ. ಹಿಂದೆ ಯಾರೂ ಕೂತಿಲ್ಲ ಎಂದು ಗೊತ್ತಿದ್ದರೂ ಒಂದೆರಡು ಸಲ ತಿರುಗಿ ನೋಡಿದೆ.

ಅಕ್ಕ ಹಟ್ಟಿಯ ಮುಂದೆ ಬಿಸಿಲಿಗೆ ಕೂತಿದ್ದಳು. ಬಹಳ ಚಿಕ್ಕವಳಾಗಿದ್ದಳು. ನನ್ನನ್ನು ಹೊತ್ತು ತಿರುಗಿದ ಸೊಂಟ ಎಲ್ಲಿ ಹೋಯಿತೋ. ನನ್ನನ್ನು ನೋಡಿ, ನನ್ನ ಹಿಂದೆ ನೋಡಿದಳು.

"ಯಾರ್ ಜೊತೆ ಬಂದೆ?"

"ಒಬ್ಳೇ ಬಂದೆ" ಎಂದು ಕಿವಿಯ ಹತ್ತಿರ ಕೂಗಿದೆ.

"ಮಗ ಎಲ್ಲಿ, ಗಾಡಿ ನಿಲ್ಸೋಕೆ ಹೋದ್ನಾ?"

"ಮಗ ಬಂದಿಲ್ಲ. ಬಸ್ಸಲ್ಲಿ ಬಂದೆ, ಒಬ್ಳೇ."

"ಸುಳ್ಳ್ ಹೇಳ್ಬೇಡ ಕಣೇ" ಎಂದು ರಸ್ತೆಯ ಕಡೆಯೇ ನೋಡುತ್ತಿದ್ದಳು.

ಅವಳನ್ನು ನಂಬಿಸಲು ಆಗಲಿಲ್ಲ. ಸಂಜೆಯ ತನಕ ಇಬ್ಬರೂ ಕೂತು ಅವರೆಕಾಯಿ ಸುಲಿದೆವು. ಫೋನಿನಲ್ಲಿ ಆಗದ ಮಾತೆಲ್ಲ ಅವತ್ತು ಆಯಿತು. ಅರ್ಧ ಕೂಗಿ, ಅರ್ಧ ಕೈಯಲ್ಲಿ. ಅವ್ವ ಸತ್ತ ದಿನ ನಾನು ಹೊಸ ಲಂಗ ಬೇಕೆಂದು ಅತ್ತಿದ್ದೆನಂತೆ. ನನಗೆ ನೆನಪೇ ಇಲ್ಲ. ಆ ನೆನಪು ಇರುವವಳು ಅವಳೊಬ್ಬಳೇ. ಹೊರಡುವಾಗ, ಇಷ್ಟು ದಿನ ಯಾಕೆ ಬರ್ಲಿಲ್ಲ ಎಂದಳು. ದಾರಿ ಗೊತ್ತಿರಲಿಲ್ಲ ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ.

ಆ ವಾರ ಹುಡುಗಿ ಬಂದಾಗ ಹೋಗಿ ಬಂದೆ ಎಂದೆ. ಅವಳು ನನ್ನ ಮುಖ ನೋಡಿದಳು. ತನ್ನ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಎಲ್ಲ ಕೇಳಿದಳು. ಎಲ್ಲ ಹೇಳಿದೆ.

ಶಿವರಾತ್ರಿಯಾಗಿ ಮೇಷ್ಟ್ರು ಬಂದರು. ತಲೆ ನರೆತ ಮನುಷ್ಯ, ಮರ್ಯಾದಸ್ಥ. ಚಪ್ಪಲಿ ಆಚೆ ಬಿಟ್ಟು ಬಂದರು. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನನ್ನು ಮಾತಾಡಿಸಿದರು. ಬಸ್ಸಿನ ವಿಷಯ ಕೇಳಿದರು, ಅಕ್ಕನ ವಿಷಯ ಕೇಳಿದರು. ಕೊನೆಗೆ ಕೇಳಬೇಕಾದ್ದನ್ನು ಕೇಳಿದರು.

"ಇನ್ನು ಈ ಹುಡುಗಿ ಬರಲ್ಲಮ್ಮ. ಗೊತ್ತಲ್ವಾ? ನಿಮಗೆ ಪರವಾಗಿಲ್ವಾ?"

ಪರವಾಗಿಲ್ಲ ಎಂದರೆ ಮುಗಿಯುತ್ತದೆ ಎಂದು ಗೊತ್ತಿತ್ತು. ಮೊಮ್ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಳು. ಆದರೆ ಹುಡುಗಿ ಇಷ್ಟು ದಿನ ನನ್ನಿಂದ ನಿಜವನ್ನೇ ಕೇಳಿಸಿಕೊಂಡು ಹೋದವಳು. ಕೊನೆಯ ದಿನ ಅವಳ ಮುಂದೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಪರವಾಗಿದೆ ಸ್ವಾಮಿ. ಬರ್ದಿದ್ರೆ ಬೇಜಾರಾಗುತ್ತೆ. ಆಗ್ಲಿ ಬಿಡಿ. ಬೇಜಾರ್ ಮಾಡ್ಕೊಳೋದು ನನ್ ಕೆಲ್ಸ, ಅದನ್ನೂ ಇವ್ಳು ಬಂದು ಮಾಡ್ಕೊಡೋಕಾಗುತ್ತಾ? ಸೂಲಿಬೆಲೆಗೆ ನಾನೊಬ್ಳೇ ಹೋಗ್ತೀನಿ. ಇವ್ಳ್ದು ಮುಗ್ಸಿ ಕಳ್ಸಿ."

ಮೇಷ್ಟ್ರು ಹುಡುಗಿಯ ಕಡೆ ತಿರುಗಿ, "ಇದನ್ನ ಹೀಗೇ ಬರಿಯಮ್ಮ" ಎಂದರು. ಅವಳು ತಲೆ ತಗ್ಗಿಸಿಕೊಂಡೇ ಬರೆದಳು. ಮೇಷ್ಟ್ರಿಗೂ ಊಟಕ್ಕೆ ಹಾಕಿದೆ. ಅವರಿಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ, ಅನ್ನ ಬಡಿಸಿದೆ.

ಹುಡುಗಿ ಹೊರಡುವಾಗ ನಾನು ಏನೂ ಕೊಡಲಿಲ್ಲ, ಅವಳು ತೆಗೆದುಕೊಳ್ಳುವಂತೆಯೂ ಇರಲಿಲ್ಲ. ಕಾಲು ಮುಟ್ಟಿದಳು. ಚೆನ್ನಾಗಿರು ಎಂದೆ. ಮೇಷ್ಟ್ರ ಸ್ಕೂಟರಿನ ಹಿಂದೆ ಕೂತು ಹೋದಳು. ತಿರುವಿನ ತನಕ ನಿಂತು ನೋಡಿದೆ. ಪಾತ್ರೆ ಬಿದ್ದಿದ್ದವು, ಒಳಗೆ ಬಂದೆ.

ಇಬ್ಬರೂ ಪಾಸಾದರು. ಮೊಮ್ಮಗಳು ಈಗ ದೊಡ್ಡಬಳ್ಳಾಪುರದಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಆ ಹುಡುಗಿಗೆ ಯಾದಗಿರಿಯ ಕಡೆ ಕೆಲಸ ಸಿಕ್ಕಿತಂತೆ, ಹಳ್ಳಿ ಹೆಂಗಸರ ನಡುವೆಯೇ ಓಡಾಟವಂತೆ. ಅಲ್ಲಿ ರೊಟ್ಟಿ ತಿನ್ನುತ್ತಾರೆ ಎಂದು ಕೇಳಿದ್ದೇನೆ. ಅವಳಿಗೆ ಮುದ್ದೆ ಯಾರು ತೊಳಸಿ ಕೊಡುತ್ತಾರೋ.

ನಮ್ಮ ಮನೆಗೆ ಬರುವುದು ನಿಂತ ಸ್ವಲ್ಪ ದಿನಕ್ಕೆ, ಇನ್ನೂ ಪರೀಕ್ಷೆ ಆಗುವ ಮುಂಚೆ, ಒಂದು ಸಲ ಫೋನು ಮಾಡಿದ್ದಳು. ಅಜ್ಜಿ ಸೂಲಿಬೆಲೆಗೆ ಹೋಗ್ತಿದೀರಾ, ಬಸ್ಸಲ್ಲಿ ತೊಂದರೆ ಆಗ್ತಿಲ್ವಾ, ಅಕ್ಕ ಹೇಗಿದ್ದಾರೆ ಎಂದು ಕೇಳಿದಳು. ಹೋಗ್ತಿದೀನಿ, ಇಲ್ಲ, ಹಾಗೇ ಇದ್ದಾಳೆ ಎಂದೆ. ನನಗೆ ಖುಷಿಯಾಗಿ ಸಂಜೆ ಮೊಮ್ಮಗಳಿಗೆ ಹೇಳಿದೆ. "ಓ, ಫಾಲೋ-ಅಪ್ಪಾ? ಕೇಸು ಮುಗಿದ್ಮೇಲೂ ಒಂದ್ಸಲ ವಿಚಾರಿಸ್ಬೇಕು, ಅದೊಂದು ಬಾಕಿ ಇತ್ತು, ರಿಪೋರ್ಟಿಗೆ ಬೇಕಾಗಿತ್ತು" ಎಂದಳು. ಇರಬಹುದು. ಅವಳಿಗೆ ಬೇಕಾದ್ದನ್ನು ನಾನು ಹೇಳಿದೆನಲ್ಲ. ಆಮೇಲೆ ಫೋನು ಬಂದಿಲ್ಲ. ಮೊಮ್ಮಗಳು, ನಾನೇ ಫೋನು ಮಾಡಿ ಕೊಡಲಾ ಎನ್ನುತ್ತಾಳೆ. ಬೇಡ ಎನ್ನುತ್ತೇನೆ. ಮಾಡಿದರೆ ಎತ್ತುತ್ತಾಳೆ, ಮಾತಾಡುತ್ತಾಳೆ, ನನಗೆ ಗೊತ್ತು. ಅವಳಿಗೇ ನೆನಪಾಗಿ, ಯಾವ ರಿಪೋರ್ಟೂ ಇಲ್ಲದೆ ಮಾಡಬೇಕು ಎಂದು ನನ್ನ ಆಸೆ. ಮುದುಕಿಗೆ ಇಂಥ ಆಸೆ ಇರ್ತಾವಾ ಎಂದರೆ, ಇರುತ್ತವೆ.

ಅಕ್ಕನ ಮನೆಗೆ ತಿಂಗಳಿಗೊಮ್ಮೆ ಹೋಗುತ್ತೇನೆ. ಈಗ ಒಬ್ಬಳೇ ಬರುತ್ತೇನೆಂದು ಅಕ್ಕ ನಂಬಿದ್ದಾಳೆ. ಬಸ್ಸಿನಲ್ಲಿ ಹಾಸ್ಟೆಲ್ಲಿನ ಹುಡುಗಿಯರು ಕಂಡರೆ, ಎಣ್ಣೆ ಹಚ್ಚಿ ಜಡೆ ಬಿಗಿದವರು ಕಂಡರೆ ನೋಡುತ್ತೇನೆ. ಅವಳು ಯಾದಗಿರಿಯಲ್ಲಿ ಇದ್ದಾಳೆಂದು ಗೊತ್ತಿದ್ದೇ ನೋಡುತ್ತೇನೆ.

ಮೊನ್ನೆ ಮಧ್ಯಾಹ್ನ ಹೊಸಬಳೊಬ್ಬಳು ಬಂದಳು. ಅದೇ ಕಾಲೇಜು, ಅದೇ ಮೇಷ್ಟ್ರು ಕಳಿಸಿದ್ದು. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ನಿಮ್ಮನ್ನ ಕೇಸ್ ವರ್ಕಿಗೆ ತಗೋಬಹುದಾ ಅಜ್ಜಿ ಎಂದಳು. ನನ್ನದು ಮುಗಿದಿದೆ ಕಣಮ್ಮಣ್ಣಿ, ಹಿಂದಿನ ಬೀದಿಯಲ್ಲಿ ಕೇಳು, ಅಲ್ಲಿ ತೊಂದರೆ ಇರುವವರು ಬೇಕಾದಷ್ಟು ಇದ್ದಾರೆ ಎಂದೆ. ಸರಿ ಅಜ್ಜಿ, ಸ್ವಲ್ಪ ನೀರು ಕೊಡ್ತೀರಾ ಎಂದಳು. ನೀರು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಜಗಲಿಯ ಮೇಲೆ, ಕಂಬದ ಪಕ್ಕ, ಮೊದಲಿನವಳು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಕಾಲು ಇಳಿಬಿಟ್ಟು ಕೂತುಬಿಟ್ಟಿದ್ದಳು.

"ಅಲ್ಲಿ ಬಿಸ್ಲು ಬರುತ್ತೆ, ಈ ಕಡೆ ಕೂತ್ಕೋ" ಎಂದೆ.

ಅವಳು ಸರಿದು ಕೂತಳು, ಚೊಂಬು ಎತ್ತಿ ನೀರು ಕುಡಿದಳು. ಅಲ್ಲಿ ಬಿಸಿಲೇನೂ ಬರುವುದಿಲ್ಲ.